ನಕ್ಷತ್ರವನ್ನೇ ಉಣ್ಣುವ ಸೀಗಡಿ

ಎರಡಂಗುಲದ ಮೈ, ಮೈತುಂಬ ಚುಕ್ಕೆ, ಊಟಕ್ಕೆ ನಕ್ಷತ್ರಮೀನೇ ಬೇಕು! ಕಡಲಿನಿಂದ 220 ಕಿಲೋಮೀಟರ್ ಒಳಗಿರುವ, ಕುಡಿಯುವ ನೀರಿಗೂ ತತ್ವಾರಪಡುವ ಕೆಜಿಎಫ್–ಬಂಗಾರಪೇಟೆ ಸೀಮೆಯಲ್ಲಿ ಹಾರ್ಲೆಕ್ವಿನ್ ಸೀಗಡಿ ಸಾಕಹೊರಟವರು ಮೊದಲು ಅದರ ಉಗ್ರಾಣ ಕಟ್ಟಿಕೊಳ್ಳಬೇಕು.

ಗಾಜಿನ ತೊಟ್ಟಿಯ ತಳದಲ್ಲಿ ಮಲಗಿದ ನಕ್ಷತ್ರಮೀನಿನ ತೋಳಿನ ತುದಿಗೆ, ಕೆನೆಬಿಳುಪಿನ ಮೈಮೇಲೆ ನೀಲಿ ಅಂಚಿನ ಕಂದು ಚುಕ್ಕೆಗಳನ್ನು ಹೊತ್ತ ಎರಡು ಸೀಗಡಿಗಳು ಬಂದು ನಿಲ್ಲುತ್ತವೆ. ಚಪ್ಪಟೆಯಾದ ಮೀಸೆಗಳನ್ನು ಆಡಿಸುತ್ತ ವಾಸನೆಯ ಜಾಡನ್ನು ಖಚಿತಪಡಿಸಿಕೊಂಡ ಮೇಲೆ, ಅವುಗಳಲ್ಲಿ ಒಂದು ತೋಳಿನ ಅಡಿಗೆ ಸಣ್ಣ ಚಿಮುಟವನ್ನು ತೂರಿಸಿ ಚುಚ್ಚತೊಡಗುತ್ತದೆ.

ನಕ್ಷತ್ರಮೀನಿನ ಅಡಿಯಲ್ಲಿ ಸಾಲುಗಟ್ಟಿರುವ ನಾಳಪಾದಗಳು, ಅಂದರೆ ನೀರು ತುಂಬಿಕೊಂಡು ಚಾಚಿ ನೆಲವನ್ನು ಕಚ್ಚಿ ಹಿಡಿಯುವ ಕೊಳವೆಗಾಲುಗಳು, ಚುಚ್ಚಿದ ಕಡೆ ಥಟ್ಟನೆ ಒಳಸೇರುತ್ತವೆ. ಹಿಡಿತ ಸಡಿಲಿದ ತೋಳನ್ನು ಜೋಡಿ ಎತ್ತುತ್ತದೆ, ಬಿಡುತ್ತದೆ, ಮತ್ತೆ ಎತ್ತುತ್ತದೆ; ತನಗಿಂತ ಹಲವು ಪಟ್ಟು ಭಾರದ ಬೇಟೆಯನ್ನು ಕೊನೆಗೆ ಅಂಗಾತ ಕೆಡವಿ, ಕಲ್ಲಿನ ಸಂದಿಯೊಳಗೆ ಎಳೆದುಕೊಂಡು ಹೋಗುತ್ತದೆ.

ಊಟ ಶುರುವಾಗುವುದು ತೋಳಿನ ತುದಿಯಿಂದ. ನಡುವಿನ ಚಕ್ರಭಾಗ ಕೊನೆಯವರೆಗೂ ಉಳಿಯುವುದರಿಂದ ನಕ್ಷತ್ರಮೀನು ದಿನಗಟ್ಟಲೆ, ದೊಡ್ಡದಾದರೆ ವಾರಕ್ಕೂ ಮೀರಿ ಜೀವ ಹಿಡಿದಿರುತ್ತದೆ. ಸೀಗಡಿಯೇ ಬೇಟೆಗೆ ಉಣಿಸಿ ಅದನ್ನು ಬದುಕಿಸಿಕೊಳ್ಳುತ್ತದೆ ಎಂಬ ಕಥೆ ಹವ್ಯಾಸಿಗಳ ನಡುವೆ ಹಬ್ಬಿದೆಯಾದರೂ, ಅಂಥ ಜಾಣತನವನ್ನು ಆರೋಪಿಸಬೇಕಾದ ಅಗತ್ಯವೇನಿಲ್ಲ. ತುದಿಯಿಂದ ಒಳಕ್ಕೆ ತಿನ್ನುವ ಕ್ರಮವೇ ಊಟವನ್ನು ಹಳಸದಂತೆ ಇಡುತ್ತದೆ.

ಶಾಲೆಗಳಿಗೆ ರಜೆ ಬಿದ್ದು, ಮನೆಯಲ್ಲೊಂದು ಮೀನುತೊಟ್ಟಿ ಬೇಕೆಂಬ ಹಠ ಮಕ್ಕಳಲ್ಲಿ ಹುಟ್ಟಿ ದೊಡ್ಡವರಿಗೆ ಅಂಟಿಕೊಳ್ಳುವ ಕಾಲ ಬೇಸಿಗೆ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 1983ರಲ್ಲಿ ತೆರೆದ ಸರ್ಕಾರಿ ಮತ್ಸ್ಯಾಲಯವನ್ನು ನೋಡಿ ಬಂದು ಗೋಲ್ಡ್ ಫಿಶ್ ಸಾಕಿದ ಹಿಂದಿನ ತಲೆಮಾರಿನ ಎದುರಿಗೆ, ಮೊಬೈಲ್ ಪರದೆಯಲ್ಲಿ ಹವಳದ ದಿಬ್ಬಗಳನ್ನು ಕಂಡು ಬೆಳೆದ ಇಂದಿನ ತಲೆಮಾರು ಉಪ್ಪುನೀರಿನ ತೊಟ್ಟಿಯ ಕನಸು ಕಾಣುತ್ತಿದೆ.

ಆ ಕನಸಿನಲ್ಲಿ ಮೊದಲು ಕಣ್ಣಿಗೆ ಬೀಳುವ ಜೀವಿಗಳಲ್ಲಿ ಹಾರ್ಲೆಕ್ವಿನ್ ಸೀಗಡಿಯೂ ಒಂದು. ಸಾಕುವುದಕ್ಕೆ ಅಷ್ಟೇನೂ ನಾಜೂಕಲ್ಲದ, ಉಣಿಸುವುದಕ್ಕೆ ಮಾತ್ರ ಮಹಾ ದುಬಾರಿಯಾದ ಅತಿಥಿ ಇದು.

ಎರಡು ಹೆಸರು, ಒಂದೇ ಹಸಿವು

ಪೆಸಿಫಿಕ್ ಸಾಗರದ ಸೀಗಡಿಗೆ ಅಮೆರಿಕದ ಜೇಮ್ಸ್ ಡ್ವೈಟ್ ಡಾನಾ 1852ರಲ್ಲಿ ಹೈಮೆನೊಸೆರಾ ಪಿಕ್ಟಾ ಎಂದು ಹೆಸರಿಟ್ಟರೆ, ಕೆಂಪು ಸಮುದ್ರದಿಂದ ಹಿಂದೂ ಮಹಾಸಾಗರದುದ್ದಕ್ಕೂ ಸಿಗುವ ನೀಲಿ ಅಂಚಿನ ಸೀಗಡಿಯನ್ನು ಆಸ್ಟ್ರಿಯಾದ ಕ್ಯಾಮಿಲ್ ಹೆಲ್ಲರ್ 1861ರಲ್ಲಿ ಹೈಮೆನೊಸೆರಾ ಎಲೆಗನ್ಸ್ ಎಂದು ಕರೆದರು. ಇವೆರಡೂ ಬೇರೆ ಜಾತಿಗಳೋ, ಒಂದೇ ಜಾತಿಯ ಎರಡು ಬಣ್ಣಗಳೋ ಎಂಬ ತಕರಾರು ಪರಿಣತರಲ್ಲಿ ಉಳಿದಿದೆ. ಸಾಕುವವರಿಗೆ ಅದರಿಂದ ಬಾಧಕವಿಲ್ಲ, ಏಕೆಂದರೆ ಎರಡರ ಹಸಿವೂ ಒಂದೇ.

ಮುಂದೆ ಚಾಚಿಕೊಂಡ, ಅಗಲವಾದ ದೊಡ್ಡ ಚಿಮುಟಗಳು ನೋಡುವುದಕ್ಕೆ ಆಯುಧದಂತಿದ್ದರೂ ಊಟದ ಕೆಲಸವೆಲ್ಲ ಅವುಗಳ ಹಿಂದೆ ಅಡಗಿದ ಸಣ್ಣ ಚಿಮುಟಗಳದ್ದು. ಹೆಣ್ಣು ಗಂಡಿಗಿಂತ ದೊಡ್ಡದು, ಸುಮಾರು 5 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಹೊಟ್ಟೆಯ ಅಡಿಯ ಹಲಗೆಗಳ ಮೇಲೆ ಬಣ್ಣದ ಮಚ್ಚೆಗಳಿದ್ದರೆ ಅದು ಹೆಣ್ಣೆಂದೇ ಲೆಕ್ಕ.

1970ರ ದಶಕದಲ್ಲಿ ಜರ್ಮನಿಯ ಸೀವೀಸನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ವುಲ್ಫ್‌ಗ್ಯಾಂಗ್ ವಿಕ್ಲರ್ ಮತ್ತು ಉಟಾ ಸೈಬ್ಟ್ ಈ ಸೀಗಡಿಗಳ ದಾಂಪತ್ಯವನ್ನೇ ಅಧ್ಯಯನದ ವಸ್ತುವಾಗಿಸಿಕೊಂಡು, ಒಂದು ಗಂಡು ಒಂದು ಹೆಣ್ಣಿನ ಜೊತೆ ದೀರ್ಘಕಾಲ ಅಂಟಿಕೊಂಡಿರುವ ಬಗೆಯನ್ನು ವಿವರಿಸಿದರು. ಒಂಟಿ ಸೀಗಡಿ ಸಾಯುವುದಿಲ್ಲ ನಿಜ, ಆದರೆ ಜೋಡಿಯಾಗಿ ಕೊಂಡರೆ ಅವು ಸಂದಿಯಿಂದ ಹೊರಬಂದು ಬೇಟೆಯಾಡುವುದನ್ನು ನೋಡುವ ಭಾಗ್ಯ ಹೆಚ್ಚು. ಎರಡು ಗಂಡುಗಳನ್ನು ಒಂದೇ ತೊಟ್ಟಿಗೆ ಬಿಟ್ಟರೆ ಜಗಳ ತಪ್ಪದು.

ಕೊಳವೆಬಾವಿಯ ನೀರು, ಕಡಲಿನ ಪಾಕ

ವರ್ಷವಿಡೀ ಹರಿಯುವ ನದಿಗಳಿಲ್ಲದ ಜಿಲ್ಲೆಯೆಂದೇ ಕೋಲಾರಕ್ಕೆ ಹೆಸರು. ಕೆರೆಗಳು ಬತ್ತಿದ ಮೇಲೆ ಕೊಳವೆಬಾವಿಗಳು ಸಾವಿರ ಅಡಿಯ ಆಚೆಗೂ ಇಳಿದವು. ಗಣಿಯ ಕಾಲದಲ್ಲಿ ಪಾಲಾರ್ ನದಿಯ ಬೇತಮಂಗಲ ಜಲಾಶಯದಿಂದ ನೀರು ಕುಡಿದ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳು ಈಗ ಟ್ಯಾಂಕರಿಗೆ ಕಾಯುವುದನ್ನು ರೂಢಿಸಿಕೊಂಡಿವೆ. ಬಣ್ಣವಿಲ್ಲದ ತಿಳಿನೀರಿನ ಪಾನಿಪುರಿಗೆ ಹೆಸರಾದ ಬಂಗಾರಪೇಟೆಯಲ್ಲೂ ನಲ್ಲಿಯ ನೀರು ಮಾತ್ರ ಗಡಸು.

ಈ ಭಾಗದ ಅಂತರ್ಜಲ ಎಂದೊಡನೆ ನೆನಪಾಗುವುದು ಹಲ್ಲು–ಮೂಳೆಗಳನ್ನು ಕೆಡಿಸುವ ಫ್ಲೋರೈಡ್. ವಿಚಿತ್ರವೆಂದರೆ, ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ಮಾನಕ ನಿಗದಿಯಾಗಿರುವ ಆ ಫ್ಲೋರೈಡ್ ಸಹಜ ಸಮುದ್ರದ ನೀರಿನಲ್ಲೂ ಸುಮಾರು 1.3 ಮಿಲಿಗ್ರಾಂ ಇರುವುದರಿಂದ, ಸೀಗಡಿಯ ಮಟ್ಟಿಗೆ ಅದು ದೊಡ್ಡ ವೈರಿಯಲ್ಲ.

ನಿಜವಾದ ವೈರಿಗಳು ನೈಟ್ರೇಟ್, ಫಾಸ್ಫೇಟ್ ಮತ್ತು ತಾಮ್ರ. ಮೊದಲೆರಡು ಪಾಚಿಯನ್ನು ಕೊಬ್ಬಿಸಿ ತೊಟ್ಟಿಯ ಸಮತೋಲ ಕೆಡಿಸುತ್ತವೆ. ಸೀಗಡಿ, ಏಡಿ, ನಕ್ಷತ್ರಮೀನುಗಳಂಥ ಬೆನ್ನೆಲುಬಿಲ್ಲದ ಪ್ರಾಣಿಗಳಿಗೆ ತಾಮ್ರವು ತೀರ ಕಡಿಮೆ ಪ್ರಮಾಣದಲ್ಲೂ ವಿಷ. ಮೀನುಗಳ ಬಿಳಿಚುಕ್ಕೆ ರೋಗಕ್ಕೆ ಹಾಕುವ ಔಷಧಗಳಲ್ಲಿ ಅನೇಕವು ತಾಮ್ರದ ಲವಣಗಳೇ ಆಗಿರುವುದರಿಂದ, ಹಿಂದೆಂದೋ ಅಂಥ ಔಷಧ ಬಿದ್ದ ಹಳೆಯ ತೊಟ್ಟಿಯನ್ನು ಅಗ್ಗಕ್ಕೆ ಸಿಕ್ಕಿತೆಂದು ಸೀಗಡಿಗೆ ಬಳಸುವುದು ಕೈಯಾರೆ ಕೊಂದಂತೆ.

ಊರೂರಿಗೂ ಬಂದಿರುವ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನೀರು ಅರ್ಧ ದಾರಿಯನ್ನು ಸವೆಸಿಕೊಡುತ್ತದೆ. ಅಲ್ಲಿ ನಡೆಯುವುದು ರಿವರ್ಸ್ ಆಸ್ಮೋಸಿಸ್, ಅಂದರೆ ಒತ್ತಡ ಹಾಕಿ ನೀರನ್ನು ಸೂಕ್ಷ್ಮ ಪೊರೆಯ ಮೂಲಕ ತಳ್ಳಿ ಲವಣಗಳನ್ನು ಹಿಂದೆ ಉಳಿಸುವ ಕ್ರಿಯೆ. ಆದರೆ ಕುಡಿಯುವ ನೀರಿನಲ್ಲಿ ಒಂದಿಷ್ಟು ಲವಣವನ್ನು ಬೇಕೆಂದೇ ಉಳಿಸುವುದರಿಂದ, ಅದನ್ನು ಮತ್ತೊಮ್ಮೆ ಅಯಾನು ಹೀರುವ ರಾಳದ ಕೊಳವೆಯಲ್ಲಿ ಹಾಯಿಸಿ, ಕರಗಿದ ಲವಣವನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆಯ ಹತ್ತಿರ ಬರುವಂತೆ ಮಾಡಿಕೊಳ್ಳಬೇಕು.

ಮನೆಯಲ್ಲೇ ಶುದ್ಧೀಕರಣ ಯಂತ್ರ ಇಟ್ಟವರು ಒಂದು ಲೀಟರ್ ಶುದ್ಧ ನೀರಿಗೆ ಎರಡು–ಮೂರು ಲೀಟರ್ ತ್ಯಾಜ್ಯ ನೀರು ಹರಿಯುವುದನ್ನು ಮರೆಯುವಂತಿಲ್ಲ. ನೀರಿಗಾಗಿ ಕೊಡ ಸಾಲುಗಟ್ಟುವ ಊರಿನಲ್ಲಿ ಆ ನೀರನ್ನು ಬಟ್ಟೆ, ಪಾತ್ರೆ, ನೆಲಕ್ಕೆ ಹಿಡಿದಿಟ್ಟುಕೊಳ್ಳದೆ ಮೋರಿಗೆ ಬಿಡುವವರ ಹವ್ಯಾಸಕ್ಕೆ ಸಮರ್ಥನೆ ಹುಡುಕುವುದು ಕಷ್ಟ.

ಚೌಕಟ್ಟು: ಒಂದು ಲೀಟರ್ ಸಮುದ್ರ
ಸಹಜ ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಕರಗಿರುತ್ತದೆ. ಅದರಲ್ಲಿ ಸೋಡಿಯಂ ಮತ್ತು ಕ್ಲೋರೈಡ್‌ಗಳ ಪಾಲು ತೂಕದಲ್ಲಿ ಶೇ 85ರಷ್ಟು. ಉಳಿದದ್ದು ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಇತ್ಯಾದಿ. ಅಡುಗೆ ಉಪ್ಪನ್ನು ಕದಡಿದರೆ ಸಮುದ್ರವಾಗದಿರುವುದು ಈ ಶೇ 15ರಿಂದಾಗಿ. ಅಕ್ವೇರಿಯಂಗೆಂದೇ ತಯಾರಾದ ಲವಣ ಮಿಶ್ರಣ ಬೇಕು. ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿರಲಿ. ತೊಟ್ಟಿಯಿಂದ ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಆದ್ದರಿಂದ ದಿನವೂ ತುಂಬಬೇಕಾದದ್ದು ಸಿಹಿನೀರು.

ನೀರು ಸಿದ್ಧವಾದ ಮಾತ್ರಕ್ಕೆ ಮನೆ ಸಿದ್ಧವಾಗುವುದಿಲ್ಲ. ಪ್ರಾಣಿಗಳ ಕಶ್ಮಲದಿಂದ ಹುಟ್ಟುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯದು ಅದನ್ನು ಅಷ್ಟೇನೂ ಅಪಾಯಕಾರಿಯಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಸಾರಜನಕ ಚಕ್ರವು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಈ ಅವಧಿಯಲ್ಲಿ ತೊಟ್ಟಿ ಬರಿದಾಗಿ ಕಾಣುವುದರಿಂದ ಅವಸರ ಮಾಡುವವರೇ ಹೆಚ್ಚು.

ಒಂದು ಜೋಡಿಗೆ 60 ಲೀಟರಿನ ತೊಟ್ಟಿಯೂ ಸಾಕಾದೀತು, ಆದರೆ 100 ಲೀಟರಿಗೆ ಕಡಿಮೆ ಇಲ್ಲದ್ದು ಕ್ಷೇಮ. ನೀರು ಹೆಚ್ಚಿದ್ದಷ್ಟೂ ಏರುಪೇರು ನಿಧಾನ. ಕ್ಲೌನ್ ಮೀನು, ಗೋಬಿಗಳಂಥ ಸಾಧು ಜೀವಿಗಳ ಜೊತೆ ಸೀಗಡಿ ಹೊಂದಿಕೊಂಡು ಹೋಗುತ್ತದೆ. ಟ್ರಿಗರ್, ಪಫರ್, ದೊಡ್ಡ ರಾಸ್ ಮೀನುಗಳಿಗೆ ಮಾತ್ರ ಅದೇ ಊಟ.

ಕರೆಂಟು ಹೋದಾಗ

ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ತಂದಾಗ ಬೆಂಗಳೂರಿನ ಬೀದಿಗಳಿನ್ನೂ ಕತ್ತಲಲ್ಲಿದ್ದವು; ಅಲ್ಲಿ ದೀಪ ಹತ್ತಿದ್ದು 1905ರಲ್ಲಿ. ಸುಮಾರು 3 ಕಿಲೋಮೀಟರ್ ಆಳಕ್ಕಿಳಿದ ಚಾಂಪಿಯನ್ ರೀಫ್ ಗಣಿಯ ತಳದಲ್ಲಿ ಬಂಡೆಯೇ ಕಾದಿರುತ್ತಿದ್ದುದರಿಂದ, ಕೆಲಸಗಾರರ ಉಸಿರಿಗೆ ಮೇಲಿನಿಂದ ಗಾಳಿ ಊದುವುದು ಆ ವಿದ್ಯುತ್ತಿನ ಮುಖ್ಯ ಹೊಣೆಗಳಲ್ಲಿ ಒಂದಾಗಿತ್ತು. 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದವು.

ಬೇಸಿಗೆಯ ನಡುಹಗಲಲ್ಲಿ ವಿದ್ಯುತ್ ಕೈಕೊಟ್ಟಾಗ ಮನೆಯ ತೊಟ್ಟಿಗೂ ಅದೇ ಚಿಂತೆ: ತಂಪು ಮತ್ತು ಗಾಳಿ. ನೀರು ಬಿಸಿಯಾದಷ್ಟೂ, ಉಪ್ಪಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ ಸಮುದ್ರದ ನೀರು ಏಳನ್ನೂ ಮುಟ್ಟುವುದಿಲ್ಲ, ಅದೂ ಕಡಲಮಟ್ಟದ ಲೆಕ್ಕ. ಸುಮಾರು 850 ಮೀಟರ್ ಎತ್ತರದ ಕೆಜಿಎಫ್‌ನಲ್ಲಿ ವಾಯುಭಾರ ಕಡಿಮೆಯಿರುವುದರಿಂದ ಅದರಲ್ಲೂ ಹತ್ತನೇ ಒಂದು ಪಾಲಿನಷ್ಟು ಖೋತಾ.

ಎತ್ತರದ ಲಾಭವೂ ಇದೆಯೆನ್ನಬೇಕು: ಚೆನ್ನೈನ ಧಗೆಗೆ ಹೋಲಿಸಿದರೆ ಇಲ್ಲಿನ ರಾತ್ರಿಗಳು ತಂಪು. ಸೀಗಡಿಗೆ ಹಿತವೆನಿಸುವ 24–26 ಡಿಗ್ರಿಗೆ ನೀರನ್ನು ಇಳಿಸಲು ಚಿಲ್ಲರ್ ಯಂತ್ರದ ಬದಲು, ನೀರಿನ ಮೇಲ್ಮೈಗೆ ಗಾಳಿ ಬೀಸುವ ಸಣ್ಣ ಫ್ಯಾನು ಎರಡು–ಮೂರು ಡಿಗ್ರಿಯ ಮಟ್ಟಿಗೆ ನೆರವಾಗುತ್ತದೆ. ಫ್ಯಾನು ಓಡಿದಷ್ಟೂ ಆವಿ ಹೆಚ್ಚುವುದರಿಂದ ಸಿಹಿನೀರು ತುಂಬುವ ಕೆಲಸವೂ ಹೆಚ್ಚುತ್ತದೆ. ಬ್ಯಾಟರಿಯ ಗಾಳಿಪಂಪು ಒಂದಿದ್ದರೆ ವಿದ್ಯುತ್ ಹೋದ ಹೊತ್ತಿನ ಆತಂಕ ಅರ್ಧ ಕಳೆಯಿತು.

ಮೂಗಿಗಿಂತ ಮೂಗುತಿ ಭಾರ

ಈವರೆಗೆ ಹೇಳಿದ್ದೆಲ್ಲ ಯಾವ ಉಪ್ಪುನೀರಿನ ತೊಟ್ಟಿಗೂ ಅನ್ವಯಿಸುವ ಮಾತು. ಹಾರ್ಲೆಕ್ವಿನ್ ಸಾಕುವವರ ಪರೀಕ್ಷೆ ಶುರುವಾಗುವುದು ಊಟದ ಹೊತ್ತಿಗೆ. ಅಂಗಡಿಯ ಒಣ ಹರಳು, ಹೆಪ್ಪುಗಟ್ಟಿಸಿದ ಮೀನುತುಂಡು, ಸಣ್ಣ ಸೀಗಡಿ ಯಾವುದನ್ನೂ ಅದು ಮೂಸುವುದಿಲ್ಲ. ನಕ್ಷತ್ರಮೀನು ಮತ್ತು ಅಪರೂಪಕ್ಕೊಮ್ಮೆ ಅದರ ಬಂಧುವಾದ ಕಡಲಮುಳ್ಳುಂಡೆ ಬಿಟ್ಟರೆ ಬೇರೆ ಆಹಾರವಿಲ್ಲದ ಜೀವಿಗೆ ಬದಲಿ ಉಣಿಸು ಹುಡುಕುವುದು ವ್ಯರ್ಥ ಕಸರತ್ತು.

ಮೊದಲ ದಾರಿ ಬಿಟ್ಟಿಯದು. ಕಲ್ಲುಗಳ ಜೊತೆ ತಾವಾಗಿಯೇ ತೊಟ್ಟಿ ಸೇರುವ, ಉಗುರಿನಗಲದ ಆಸ್ಟೆರಿನಾ ಎಂಬ ಪುಟ್ಟ ನಕ್ಷತ್ರಮೀನುಗಳು ಮೈಯನ್ನು ಎರಡಾಗಿ ಸೀಳಿಕೊಂಡು ವಂಶ ಬೆಳೆಸುತ್ತವೆ. ಕೆಲವೇ ತಿಂಗಳಲ್ಲಿ ಗಾಜಿನ ತುಂಬ ಹರಡಿ ಹವ್ಯಾಸಿಗಳಿಗೆ ತಲೆನೋವಾಗುವ ಇವನ್ನು ತೊಲಗಿಸಲೆಂದೇ ಅನೇಕರು ಹಾರ್ಲೆಕ್ವಿನ್ ತರುತ್ತಾರೆ.

ಮೋಸ ಹೋಗುವುದು ಇಲ್ಲಿಯೇ. ಜೋಡಿ ಸೀಗಡಿ ಬಂದ ಕೆಲವು ವಾರಗಳಲ್ಲಿ ಆಸ್ಟೆರಿನಾ ನಿರ್ನಾಮವಾಗುತ್ತದೆ, ಪೀಡೆ ತೊಲಗಿತೆಂದು ಮನೆಯವರು ಸಂಭ್ರಮಿಸುತ್ತಾರೆ, ಸೀಗಡಿ ಉಪವಾಸ ಬೀಳುತ್ತದೆ. ಬೇರೊಂದು ಸಣ್ಣ ತೊಟ್ಟಿಯಲ್ಲಿ ಪಾಚಿಯ ಮೇಲೆ ಆಸ್ಟೆರಿನಾವನ್ನು ಬೆಳೆಸಿಕೊಂಡವರಿಗೆ ಈ ಬಿಟ್ಟಿ ಊಟ ಪೂರಕ ಆಹಾರವಾಗಿ ಒದಗುತ್ತದೆಯೇ ಹೊರತು, ಇಡೀ ವರ್ಷದ ಹೊಟ್ಟೆ ಅದರಿಂದ ತುಂಬುವುದು ದುರ್ಲಭ.

ಎರಡನೆಯ ದಾರಿ ದೊಡ್ಡ ನಕ್ಷತ್ರಮೀನಿನದು. ಕಂದು ಗುಬಟೆಗಳ ಚಾಕೊಲೇಟ್ ಚಿಪ್ ನಕ್ಷತ್ರಮೀನು, ನೀಲಿ ಅಥವಾ ಕೆಂಪು ಲಿಂಕಿಯಾ ಇವು ಅಕ್ವೇರಿಯಂ ವ್ಯಾಪಾರದಲ್ಲಿ ಸಿಗುತ್ತವೆ. ಒಂದನ್ನು ಇಡಿಯಾಗಿ ಜೋಡಿಗೆ ಬಿಡಬಹುದು. ಇಲ್ಲವೇ ಹರಿತವಾದ ಅಲಗಿನಿಂದ ಒಂದು ತೋಳನ್ನು ಕತ್ತರಿಸಿ ಸೀಗಡಿಗೆ ಕೊಟ್ಟು, ಉಳಿದ ಭಾಗವನ್ನು ಬೇರೆ ತೊಟ್ಟಿಯಲ್ಲಿ ಬದುಕಿಸಿಕೊಳ್ಳಬಹುದು. ಕತ್ತರಿಸಿದ ತೋಳುಗಳನ್ನು ಫ್ರೀಜರಿನಲ್ಲಿಟ್ಟು ಬೇಕಾದಾಗ ಕರಗಿಸಿ ಕೊಡುವವರೂ ಇದ್ದಾರೆ. ಸತ್ತ ತುಂಡನ್ನು ಎರಡು ದಿನಕ್ಕಿಂತ ಹೆಚ್ಚು ತೊಟ್ಟಿಯಲ್ಲಿ ಬಿಟ್ಟರೆ ಅದು ಕೊಳೆತು ಅಮೋನಿಯಾ ಏರುತ್ತದೆ.

ನಕ್ಷತ್ರಮೀನಿಗೆ ತೋಳು ಮತ್ತೆ ಬೆಳೆಯುತ್ತದೆ ಎಂಬುದು ನಿಜ. ಲಿಂಕಿಯಾ ಮಲ್ಟಿಫೋರಾ ಎಂಬ ಜಾತಿಯಲ್ಲಂತೂ ಕಳಚಿದ ಒಂದೇ ತೋಳು ಹೊಸ ನಕ್ಷತ್ರಮೀನಾಗಿ ಬೆಳೆದುಬಿಡುತ್ತದೆ. ಇದನ್ನು ಕೇಳಿದ ಕೂಡಲೇ ಮುಗಿಯದ ಅಕ್ಷಯಪಾತ್ರೆ ಸಿಕ್ಕಿತೆಂದು ಹಿಗ್ಗುವವರು ಜಮಾ–ಖರ್ಚು ಹಾಕಿ ನೋಡಬೇಕು.

ಒಂದು ಜೋಡಿಗೆ ವಾರಕ್ಕೊಂದು ತೋಳೆಂದು ಹಿಡಿದರೆ, ಐದು ತೋಳಿನ ಒಂದು ನಕ್ಷತ್ರಮೀನು ಐದು ವಾರಕ್ಕೆ ಮುಗಿಯಿತು. ವರ್ಷಕ್ಕೆ ಹತ್ತು ಬೇಕು. ತೋಳು ಪೂರ್ತಿ ಮರಳಿ ಬೆಳೆಯಲು ಹಲವು ತಿಂಗಳುಗಳೇ ಹಿಡಿಯುವುದರಿಂದ, ಸರದಿಯ ಮೇಲೆ ಕತ್ತರಿಸುತ್ತ ಹೋದರೂ ಬೆಳೆಯುವ ವೇಗ ತಿನ್ನುವ ವೇಗವನ್ನು ಮುಟ್ಟದು. ಸಾಲದ್ದಕ್ಕೆ ಲಿಂಕಿಯಾ ಸಾಗಾಟದ ಏರುಪೇರಿಗೆ ಬೇಗ ಸೋಲುವ ಪ್ರಾಣಿ; ಸೀಗಡಿಯ ಬಾಯಿ ಸೇರುವ ಮೊದಲೇ ತಾನಾಗಿ ಕರಗಿ ಸಾಯುವ ಲಿಂಕಿಯಾಗಳು ಕಡಿಮೆಯಿಲ್ಲ.

ಹೀಗಾಗಿ ಹಾರ್ಲೆಕ್ವಿನ್ ಸಾಕುವುದೆಂದರೆ ಎರಡು ತೊಟ್ಟಿಗಳನ್ನು, ಎರಡು ಬಗೆಯ ಪ್ರಾಣಿಗಳನ್ನು ಸಾಕುವುದು. ಉಗ್ರಾಣದ ತೊಟ್ಟಿ ಸೀಗಡಿಯ ತೊಟ್ಟಿಗಿಂತ ದೊಡ್ಡದಾಗಿರಬೇಕಾಗುತ್ತದೆ ಮತ್ತು ನಕ್ಷತ್ರಮೀನಿಗೂ ಮೀನುತುಂಡು, ಮರುವಾಯಿಯಂಥ ಊಟ ಕೊಡಬೇಕಾಗುತ್ತದೆ. ಇದನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ.

ರಾಮೇಶ್ವರದ ಯಾತ್ರೆಯಿಂದ ತಂದ, ಪ್ರದರ್ಶನಕ್ಕೆಂದು ಒಣಗಿಸಿದ ನಕ್ಷತ್ರಮೀನನ್ನು ನೆನೆಸಿ ಕೊಟ್ಟರೆ ಹೇಗೆ ಎಂಬ ಉಪಾಯ ಹೊಳೆದೀತು. ಕೆಡದಂತೆ ರಾಸಾಯನಿಕ ಹಾಕಿರಬಹುದಾದ ಅಂಥ ವಸ್ತು ತೊಟ್ಟಿಯ ಹತ್ತಿರವೂ ಸುಳಿಯಬಾರದು.

ಜೀವಂತ ಪ್ರಾಣಿಯನ್ನು ತುಂಡುಮಾಡುವ ಅಳುಕು ಬೇರೆ. ನಕ್ಷತ್ರಮೀನಿಗೆ ಮಿದುಳಿಲ್ಲ, ಬಾಯಿಯ ಸುತ್ತ ಒಂದು ನರವರ್ತುಲ, ಅಲ್ಲಿಂದ ತೋಳಿಗೊಂದರಂತೆ ನರತಂತು, ಇಷ್ಟೇ. ಹಾಗಿದ್ದರೂ ವಾರಗಟ್ಟಲೆ ನಡೆಯುವ ಆ ಊಟವನ್ನು ಮನೆಯ ಹಜಾರದಲ್ಲಿ ದಿನವೂ ನೋಡುವುದು ಎಲ್ಲರಿಗೂ ಒಗ್ಗುವ ದೃಶ್ಯವಲ್ಲ, ಮಕ್ಕಳಿರುವ ಮನೆಯಲ್ಲಿ ವಿವರಣೆಗೆ ಸಿದ್ಧವಾಗಿಯೇ ಇರಬೇಕು.

ಚೌಕಟ್ಟು: ಹವಳದ ಕಾವಲುಗಾರ?
ಹವಳವನ್ನು ಬೋಳಿಸಿ ತಿನ್ನುವ ಮುಳ್ಳಿನ ಕಿರೀಟದ ನಕ್ಷತ್ರಮೀನು ಲಕ್ಷದ್ವೀಪವೂ ಸೇರಿದಂತೆ ಹಿಂದೂ ಮಹಾಸಾಗರ, ಪೆಸಿಫಿಕ್‌ಗಳ ಹವಳದಿಬ್ಬಗಳಿಗೆ ಪೀಡೆ. ಇದರ ಮೇಲೂ ಹಾರ್ಲೆಕ್ವಿನ್ ಸೀಗಡಿ ಎರಗುವುದನ್ನು ಪೀಟರ್ ಗ್ಲಿನ್ ಪನಾಮಾದ ಪೆಸಿಫಿಕ್ ತೀರದಲ್ಲಿ ದಾಖಲಿಸಿದರು. ಸೀಗಡಿ ಮಾಡಿದ ಗಾಯದೊಳಗೆ ಒಂದು ಬಗೆಯ ಬಿರುಗೂದಲ ಹುಳು ನುಗ್ಗಿ ಕೆಲಸ ಮುಗಿಸುತ್ತಿತ್ತು.

ಚೆನ್ನೈ ರೈಲಿನ ಅತಿಥಿ

ಚೆನ್ನೈನ ಕೊಳತ್ತೂರು ದಕ್ಷಿಣ ಭಾರತದ ಅಲಂಕಾರಿಕ ಮೀನು ವ್ಯಾಪಾರದ ದೊಡ್ಡ ಪೇಟೆ. ಚೆನ್ನೈ–ಬೆಂಗಳೂರು ರೈಲುಮಾರ್ಗದ ಜಂಕ್ಷನ್ ಆದ ಬಂಗಾರಪೇಟೆಗೆ ಅಲ್ಲಿಂದ ಸುಮಾರು 290 ಕಿಲೋಮೀಟರ್; 1894ರಿಂದಲೂ ಗಣಿಯ ಊರಿಗೆ ಕವಲೊಡೆಯುವ ಮಾರಿಕುಪ್ಪಂ ಮಾರ್ಗ ಹಿಡಿದರೆ ಕೆಜಿಎಫ್. ದಿನವೂ ಬೆಂಗಳೂರಿಗೆ ದುಡಿಯಲು ಹೋಗಿ ಬರುವವರ ರೈಲಿನಲ್ಲೇ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲವೂ ಬರಬಹುದು.

ಚೀಲ ಬಿಚ್ಚುವ ಕ್ಷಣವೇ ನಾಜೂಕಿನದು. ಮುಚ್ಚಿದ ಚೀಲದಲ್ಲಿ ಉಸಿರಿನ ಇಂಗಾಲದ ಡೈಆಕ್ಸೈಡ್ ನೀರನ್ನು ಆಮ್ಲದತ್ತ ವಾಲಿಸಿ ಅಮೋನಿಯಾದ ವಿಷವನ್ನು ತಡೆದಿಟ್ಟಿರುತ್ತದೆ. ಗಾಳಿ ಹೊಕ್ಕೊಡನೆ ಆ ತಡೆ ಕಳಚುವುದರಿಂದ, ದೀರ್ಘ ಪ್ರಯಾಣದ ಚೀಲವನ್ನು ಬಿಚ್ಚಿಟ್ಟು ಗಂಟೆಗಟ್ಟಲೆ ಮರೆಯುವಂತಿಲ್ಲ.

ಸೀಗಡಿಯನ್ನು ನೀರಿನ ಸಮೇತ ಬಕೆಟ್ಟಿಗೆ ಸುರಿದು, ತೊಟ್ಟಿಯಿಂದ ಇಳಿಬಿಟ್ಟ ಸಣ್ಣ ಕೊಳವೆಗೆ ಒಂದು ಗಂಟು ಹಾಕಿ, ಸೆಕೆಂಡಿಗೆ ಎರಡು–ಮೂರು ಹನಿಯಂತೆ ತೊಟ್ಟಿಯ ನೀರು ಬೀಳುವಂತೆ ಮಾಡುತ್ತಾರೆ. ಒಂದೆರಡು ಗಂಟೆಯಲ್ಲಿ ಎರಡೂ ನೀರಿನ ಲವಣಾಂಶ ಸಮವಾದಾಗ ಅದನ್ನು ಮೆಲ್ಲಗೆ ತೊಟ್ಟಿಗೆ ಬಿಟ್ಟು, ಬಕೆಟ್ಟಿನ ನೀರನ್ನು ಚೆಲ್ಲುತ್ತಾರೆ. ನಕ್ಷತ್ರಮೀನಿಗೆ ಇದೇ ಕ್ರಮ ಇನ್ನೂ ನಿಧಾನವಾಗಿ.

ತೊಟ್ಟಿಯೊಳಗೆ ಇಡುವ ಕಲ್ಲುಗಳ ವಿಷಯದಲ್ಲಿ ಕಾನೂನಿನ ಎಚ್ಚರವೂ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ 2001ರಿಂದ ದಿಬ್ಬ ಕಟ್ಟುವ ಹವಳಗಳು, ಕಡಲಕುದುರೆ, ಕಡಲಸೌತೆಗಳು ಸಂರಕ್ಷಿತ ಪಟ್ಟಿಯಲ್ಲಿವೆ. ಮುರುಡೇಶ್ವರದ ಎದುರಿನ ನೇತ್ರಾಣಿಯಿಂದಾಗಲಿ, ಮನ್ನಾರ್ ಕೊಲ್ಲಿಯಿಂದಾಗಲಿ ಹವಳದ ತುಂಡು ತರುವುದು ಅಪರಾಧ; ಸೆರಾಮಿಕ್ ಕಲ್ಲು ಸೀಗಡಿಗೆ ಅಷ್ಟೇ ಒಪ್ಪಿಗೆ.

ಚೆನ್ನಾಗಿ ಉಂಡ ಜೋಡಿ ಸುಮಾರು ಮೂರು ವಾರಕ್ಕೊಮ್ಮೆ ಪೊರೆ ಕಳಚುತ್ತದೆ. ಬೆಳಗ್ಗೆ ತೊಟ್ಟಿಯ ತಳದಲ್ಲಿ ಕಾಣುವ ಟೊಳ್ಳು ಸೀಗಡಿಯನ್ನು ಹೆಣವೆಂದು ಹೊಸಬರು ಗಾಬರಿಯಾಗುವುದುಂಟು. ಹೆಣ್ಣು ಪೊರೆ ಬಿಟ್ಟೊಡನೆ ಕೂಡಿಕೆ ನಡೆದು, ನೂರಾರು ಮೊಟ್ಟೆಗಳು ಅದರ ಹೊಟ್ಟೆಯಡಿ ಅಂಟಿಕೊಳ್ಳುತ್ತವೆ.

ಮೊಟ್ಟೆಯೊಡೆದ ಮರಿಗಳು ಐದರಿಂದ ಏಳು ವಾರ ತೇಲುಜೀವಿಗಳಾಗಿ ಕಳೆಯಬೇಕಿರುವುದರಿಂದ ಮನೆಯ ತೊಟ್ಟಿಯಲ್ಲಿ ಅವು ಮೀನಿನ ಬಾಯಿಗೋ ಪಂಪಿಗೋ ಸಿಕ್ಕಿ ಮುಗಿಯುತ್ತವೆ. ಲಕ್ಷದ್ವೀಪದ ಅಗತ್ತಿಯಲ್ಲಿ ರಾಷ್ಟ್ರೀಯ ಮೀನು ತಳಿ ಸಂಪನ್ಮೂಲ ಸಂಸ್ಥೆಯು ದ್ವೀಪದ ಮಹಿಳೆಯರಿಗೆ ಅಲಂಕಾರಿಕ ಸೀಗಡಿ ಸಾಕಣೆ ಕಲಿಸಿದೆಯಾದರೂ ಅಲ್ಲಿ ಬೆಳೆಯುವುದು ಬೇರೆ ಜಾತಿಗಳು. ಹಾರ್ಲೆಕ್ವಿನ್ ಹೆಚ್ಚಾಗಿ ಕಡಲಿನಿಂದ ಹಿಡಿದು ತಂದದ್ದೇ.

ಚೆನ್ನೈಗೆ ಸೀಗಡಿಯ ಬೇಡಿಕೆ ಕಳಿಸುವ ಮೊದಲು ಎರಡು ನಕ್ಷತ್ರಮೀನುಗಳನ್ನು ಮಾತ್ರ ತರಿಸಿ, ಏಪ್ರಿಲ್–ಮೇ ತಿಂಗಳ ಸೆಕೆಯನ್ನೂ ಕರೆಂಟಿನ ಕಣ್ಣಾಮುಚ್ಚಾಲೆಯನ್ನೂ ದಾಟಿಸಿ ಅವನ್ನು ಬದುಕಿಸಿಕೊಳ್ಳಲು ಆಗುತ್ತದೆಯೇ ಎಂದು ನೋಡುವುದು ಲೇಸು. ಅವು ಉಳಿದರೆ, ಮಳೆ ಬಿದ್ದು ನೀರು ತಂಪಾದ ಜೂನ್ ಹೊತ್ತಿಗೆ ಸೀಗಡಿಯ ಜೋಡಿಗೆ ಮುಂಗಡ ಕೊಡಬಹುದು.